ಎಫ್‌ಟಿಸಿ ತಂಡ: ಡ್ರೈವರ್ ಯಾರು, ಕ್ಯಾಪ್ಟನ್ ಯಾರು? ಗೇಮ್ ಆಡೋ ಮಕ್ಕಳನ್ನ ತಯಾರು ಮಾಡೋದು ಹೇಗೆ?

ಜಯನಗರ_ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ಶಾಲಾ ಮಕ್ಕಳ ರೋಬೋ ಸ್ಪರ್ಧೆಯಾದ ಫಸ್ಟ್ ಟೆಕ್ ಚಾಲೆಂಜ್‌ಗೆ, ಅಂದರೆ ಎಫ್‌ಟಿಸಿಗೆ, ಮೊದಲ ಸಲ ಇಳಿಯುತ್ತಿರುವ ತಂಡ ನಮ್ಮದು. 8ರಿಂದ 12ನೇ ತರಗತಿಯ 11 ಮಕ್ಕಳು. ಅವರಲ್ಲಿ ನಾಲ್ವರು ಬಿಜಿಎಂಐ, ವ್ಯಾಲೊರೆಂಟ್ ಥರದ ಶೂಟಿಂಗ್ ಗೇಮ್ ಚೆನ್ನಾಗಿ ಆಡುವವರು. ಡ್ರೈವರ್ ಸ್ಥಾನ, ಅಂದರೆ ಗೇಮ್‌ಪ್ಯಾಡ್ ಹಿಡಿದು ರೋಬೋ ಗಾಡಿ ಓಡಿಸುವ ಕೆಲಸ, ತಮಗೇ ಬೇಕು ಅಂತ ಹಟ ಹಿಡಿದಿದ್ದಾರೆ. ಉಳಿದವರಿಗೆ ಅದು ಸರಿ ಕಾಣುತ್ತಿಲ್ಲ. ಡ್ರೈವರ್‌ಗಳನ್ನು ಯಾವ ಪರೀಕ್ಷೆ ಇಟ್ಟು ಆರಿಸಬೇಕು? ಕ್ಯಾಪ್ಟನ್ ಆದವನೇ ಗಾಡಿ ಓಡಿಸಬಹುದೇ? ಒಂದೇ ರೋಬೋ ಇಟ್ಟುಕೊಂಡು ಎಲ್ಲರಿಗೂ ಅಭ್ಯಾಸ ಕೊಡೋದು ಹೇಗೆ? ಬಲ್ಲವರು ಬಿಡಿಸಿ ಹೇಳಿ.

ಗೇರ್‌ಬಾಕ್ಸ್_ಗಿರಿ
ಮೇಷ್ಟ್ರೇ, ಮೊದಲು ಪಂದ್ಯದ ಲೆಕ್ಕ ನೋಡೋಣ. 12 ಅಡಿಗೆ 12 ಅಡಿಯ ಅಂಗಳ, ಕೆಂಪು ಕಡೆ ಎರಡು ರೋಬೋ, ನೀಲಿ ಕಡೆ ಎರಡು. ಮೊದಲ 30 ಸೆಕೆಂಡು ರೋಬೋ ತನ್ನಷ್ಟಕ್ಕೆ ತಾನು ಓಡಬೇಕು, ಗೇಮ್‌ಪ್ಯಾಡ್ ಯಾರೂ ಮುಟ್ಟುವಂತಿಲ್ಲ. ಆಮೇಲಿನ 2 ನಿಮಿಷ ಡ್ರೈವರ್‌ಗಳದು. ಅಂಗಳದ ಪಕ್ಕ ನಿಲ್ಲೋದು ನಾಲ್ಕೇ ಜನ: ಇಬ್ಬರು ಡ್ರೈವರ್, ಅವರಿಗೆ ದಾರಿ ಹೇಳೋ ಒಬ್ಬ ಡ್ರೈವ್ ಕೋಚ್, ಆಟದ ಸಾಮಾನು ಕೈಯಿಂದ ಕೊಡೋ ಒಬ್ಬ ಹ್ಯೂಮನ್ ಪ್ಲೇಯರ್. ಅಂದರೆ ನಿಮ್ಮ 11 ಜನರಲ್ಲಿ 7 ಜನ ಪಂದ್ಯದ ಹೊತ್ತಿಗೆ ಹೊರಗೇ ಇರುತ್ತಾರೆ. ಆ ಏಳು ಜನರ ಕೆಲಸ ಏನು ಅನ್ನೋದನ್ನ ಡ್ರೈವರ್ ಆಯ್ಕೆಗಿಂತ ಮೊದಲೇ ಬರೆದು ಗೋಡೆಗೆ ಅಂಟಿಸಿ. ಹಟದ ಅರ್ಧ ಕಾರಣ, ಡ್ರೈವರ್ ಆಗದಿದ್ದರೆ ತಾನು ಏನೂ ಅಲ್ಲ ಅನ್ನೋ ಭಯ.

ಪರೀಕ್ಷೆ ಹೀಗಿಡಿ. ಐದು ಕೋನ್‌ಗಳನ್ನು ಎರಡೆರಡು ಅಡಿ ಅಂತರದಲ್ಲಿ ಸಾಲಾಗಿ ನಿಲ್ಲಿಸಿ, ನಡುವೆ ಹಾವಿನ ಹಾಗೆ ಹೋಗಿ ವಾಪಸ್ ಬಂದು ಗೋಡೆಗೆ ಒಂದು ಇಂಚಿನ ಒಳಗೆ, ಮುಟ್ಟದಂತೆ ನಿಲ್ಲಿಸಬೇಕು. ಕೋನ್ ಮುಟ್ಟಿದರೆ 3 ಸೆಕೆಂಡು ದಂಡ. ಪ್ರತಿಯೊಬ್ಬರಿಗೂ ಹತ್ತು ಓಟ ಕೊಡಿ: ಮೊದಲ ನಾಲ್ಕು ಸುಮ್ಮನೆ, ಮುಂದಿನ ಮೂರು ಅಕ್ಕಪಕ್ಕದವರು ಜೋರಾಗಿ ಕೂಗುತ್ತಿರುವಾಗ, ಕೊನೆಯ ಮೂರು ಓಟದ ನಡುವೆ ಕೋಚ್ ದಾರಿ ಬದಲಿಸುತ್ತಾ. ಆಮೇಲೆ ಅತ್ಯಂತ ವೇಗದ ಓಟ ಯಾರದು ಅಂತ ನೋಡಬೇಡಿ. ಪ್ರತಿಯೊಬ್ಬರ ಅತ್ಯಂತ ಕೆಟ್ಟ ಎರಡು ಓಟ ಹೋಲಿಸಿ. ಅರ್ಹತಾ ಸುತ್ತಿನಲ್ಲಿ ಸಿಗೋದು ಐದೋ ಆರೋ ಪಂದ್ಯ, ಅದರಲ್ಲಿ ಒಂದು ಕೆಟ್ಟರೂ ರ‍್ಯಾಂಕಿಂಗ್ ಕೆಳಗಿಳಿಯುತ್ತೆ. 14, 15, 15, 16 ಸೆಕೆಂಡಿನ ಹುಡುಗಿ, 11, 12, 19, 24ರ ಹುಡುಗನಿಗಿಂತ ಒಳ್ಳೆಯ ಡ್ರೈವರ್.

ಗೇಮ್ ಆಡೋರಿಗೆ ಹೆಬ್ಬೆರಳಿನ ಹದ ಮೊದಲೇ ಬಂದಿರುತ್ತೆ, ನಿಜ. ಆದರೆ ಆ ಆಟಗಳಲ್ಲಿ ಕ್ಯಾಮೆರಾ ಆಟಗಾರನ ಕಣ್ಣಲ್ಲೋ ಬೆನ್ನ ಹಿಂದೆಯೋ ಇರುತ್ತೆ. ಇಲ್ಲಿ ಡ್ರೈವರ್ ಒಂದೇ ಕಡೆ ನಿಂತಿರುತ್ತಾನೆ, ಗಾಡಿ ಅವನ ಕಡೆ ಮುಖ ಮಾಡಿದ ಕೂಡಲೇ ಎಡ-ಬಲ ತಿರುಗುಮುರುಗು. ಚೆನ್ನಾಗಿ ಗೇಮ್ ಆಡೋ ಮಕ್ಕಳೂ ಮೊದಮೊದಲು ತಡವರಿಸೋದು ಇಲ್ಲೇ. ಪರಿಹಾರ ಫೀಲ್ಡ್-ಸೆಂಟ್ರಿಕ್ ಡ್ರೈವ್: ಸ್ಟಿಕ್ ಮುಂದೆ ತಳ್ಳಿದರೆ ಗಾಡಿ ಯಾವ ಕಡೆ ಮುಖ ಮಾಡಿದ್ದರೂ ಡ್ರೈವರ್‌ನಿಂದ ದೂರಕ್ಕೇ ಹೋಗುತ್ತೆ. ಗಾಡಿಯ ಮಿದುಳಾದ ಕಂಟ್ರೋಲ್ ಹಬ್ ಒಳಗಿನ ಐಎಂಯು, ಅಂದರೆ ತಿರುವು ಅಳೆಯೋ ಸೆನ್ಸರ್, ಕೋನ ಹೇಳುತ್ತೆ, ಕೋಡ್ ಸ್ಟಿಕ್‌ನ ದಿಕ್ಕನ್ನ ಅಷ್ಟು ತಿರುಗಿಸುತ್ತೆ. ಇದರಲ್ಲಿ ಕೆಡೋದು ಮೂರು ಕಡೆ. ಹಬ್‌ನ ಲೋಗೋ ಯಾವ ಕಡೆ, ಯುಎಸ್‌ಬಿ ಯಾವ ಕಡೆ ಅನ್ನೋದನ್ನ ಕೋಡ್‌ನಲ್ಲಿ ತಪ್ಪಾಗಿ ಕೊಟ್ಟರೆ ಕೋನವೇ ಸುಳ್ಳು. ಸ್ವಯಂಚಾಲಿತ ಭಾಗ ಮುಗಿದಾಗಿನ ಕೋನವನ್ನ ಸ್ಟ್ಯಾಟಿಕ್ ವೇರಿಯಬಲ್‌ನಲ್ಲಿ (ಮುಂದಿನ ಪ್ರೋಗ್ರಾಂಗೂ ಉಳಿಯೋ ಜಾಗ) ಉಳಿಸದೆ ಟೆಲಿಆಪ್, ಅಂದರೆ ಡ್ರೈವರ್‌ಗಳ ಭಾಗದ, ಆರಂಭದಲ್ಲಿ ಸೊನ್ನೆ ಮಾಡಿದರೆ ಗಾಡಿ ಅಡ್ಡಡ್ಡ ಓಡುತ್ತೆ. ಇನ್ನು ಫೋಮ್ ಟೈಲ್ ಮೇಲೆ ಚಕ್ರ ಉಜ್ಜಿ ಸ್ಥಿರ ವಿದ್ಯುತ್ ಕೂಡಿಕೊಂಡು ಲೋಹಕ್ಕೆ ತಗುಲಿದಾಗ ಹಬ್‌ನ ಸಂಪರ್ಕವೇ ಕಡಿದು ಹೋಗಬಹುದು. ಅದಕ್ಕೆ ನಿಯಮ ಒಪ್ಪುವ ಗ್ರೌಂಡಿಂಗ್ ಸ್ಟ್ರ್ಯಾಪ್ ಹಾಕಿ. ಇಷ್ಟರ ಮೇಲೂ, ಕೋನ ಸೊನ್ನೆ ಮಾಡೋ ಬಟನ್ ಒಂದು ಇರಲೇಬೇಕು. ಡ್ರೈವರ್ ಅದನ್ನ ಕಣ್ಣು ಮುಚ್ಚಿ ಒತ್ತೋವಷ್ಟು ರೂಢಿ ಮಾಡಿಕೊಳ್ಳಲಿ.

ಹುಬ್ಬಳ್ಳಿ_ಮೋಟಾರು
ಗಿರಿಯವರು ಹೇಳಿದ್ದು ಖರೇ ಐತ್ರಿ. ಆದ್ರ ಬಂಡಿ ಹೂಡೂಕಿಂತ ಮೊದಲ ಎತ್ತಿನ ಲಾಳ ನೋಡಬೇಕು. ಗಾಡಿನ ದಿನಾ ಒಂದೊಂದು ನಮೂನಿ ಓಡಿದ್ರ ಹುಡುಗರನ್ನ ಹೆಂಗ ಪರೀಕ್ಷೆ ಮಾಡ್ತೀರಿ?

ಗೋಬಿಲ್ಡಾ ಕಂಪನಿ 312 ಆರ್‌ಪಿಎಂ ಮೋಟಾರಿಗೆ 96 ಮಿಮೀ ಮೆಕಾನಮ್ ಚಕ್ರ (ಓರೆ ರೋಲರ್ ಇರೂದಕ್ಕ ಗಾಡಿ ಅಡ್ಡಾನೂ ಹೋಗ್ತೈತಿ) ಹಚ್ಚಿದ್ರ ಲೆಕ್ಕದಾಗ ಸೆಕೆಂಡಿಗೆ ಸುಮಾರು 1.57 ಮೀಟರ್ ಬರ್ತೈತಿ. 435 ಆರ್‌ಪಿಎಂ ಹಚ್ಚಿದ್ರ 2.19. ಅಂಗಳ ಇರೂದ 3.66 ಮೀಟರ್. ಹೊಸ ತಂಡಕ್ಕ 312 ಸಾಕ್ರಿ. ವೇಗದ ಗಾಡಿ ಕೊಟ್ರ ಹುಡುಗರು ಪೂರ್ತಿ ಸ್ಟಿಕ್ ಒತ್ತೂದ ಇಲ್ಲ, ಆಮ್ಯಾಲೆ ಆ ಮೋಟಾರ್ ತಗೊಂಡಿದ್ದು ಏನ್ ಉಪಯೋಗ?

ಇನ್ನೊಂದು ಲೆಕ್ಕ. ಆ ಮೋಟಾರ್ ಚಕ್ರ ತಿರುಗದಂಗ ಸಿಕ್ಕೊಂಡಾಗ 9.2 ಆಂಪಿಯರ್ ಎಳೀತೈತಿ. ನಾಲ್ಕೂ ಸಿಕ್ಕೊಂಡ್ರ 36.8. ನಿಮ್ಮ ಬ್ಯಾಟರಿಗಿರೂ ಫ್ಯೂಸ್ 20 ಆಂಪಿಯರ್. ಎದುರಿನ ಗಾಡಿ ಜೋಡಿ ತಲೀಗೆ ತಲೀ ಹಚ್ಚಿ ನೂಕ್ಯಾಡಿದ್ರ ಮೊದಲ ವೋಲ್ಟೇಜ್ ಕುಸಿದು ಹಬ್ ಸಂಪರ್ಕ ಹೋಗ್ತೈತಿ, ಇಲ್ಲಾಂದ್ರ ಫ್ಯೂಸ್ ಹೋಗ್ತೈತಿ. ಹಬ್ ಮತ್ತ ಎದ್ದು ಕೂಡೂದ್ರಾಗ ಪಂದ್ಯದ ಒಂದು ದೊಡ್ಡ ಪಾಲು ಮುಗಿದಿರ್ತೈತಿ. ಹಿಂಗಾಗಿ ಡ್ರೈವರಿಗೆ ಕಲಿಸಬೇಕಾದ ಮೊದಲ ಪಾಠ: ಒಂದು ಸೆಕೆಂಡ್ ನೂಕಿದ್ರೂ ಕದಲದಿದ್ರ ಬಿಟ್ಟು ಸುತ್ತ ಹಾಕಿ ಹೋಗು. ಬಿಜಿಎಂಐ ಹುಡುಗರಿಗೆ ಎದುರಾಳಿ ಸಿಕ್ಕಾಗ ಬಿಟ್ಟು ಹೋಗೂದು ಭಾಳ ಕಷ್ಟ ಆಗ್ತೈತಿ. ಅದನ್ನ ಕಲಿತ ಹುಡುಗ ಭಾಳ ಕಲಿತಂಗ.

ಗಾಡಿ ಅಡ್ಡ ಹೋಗುವಾಗ ವಾಲ್ತಿತ್ತಂದ್ರ ಕೋಡ್ ಮುಟ್ಟಬ್ಯಾಡ್ರಿ. ಮ್ಯಾಲಿಂದ ನೋಡಿದ್ರ ನಾಲ್ಕೂ ಚಕ್ರದ ರೋಲರ್ ಸೇರಿ ಗುಣಾಕಾರ ಚಿಹ್ನೆ ಕಾಣಬೇಕು. ಆಮ್ಯಾಲೆ ಗಾಜಿನ ಮ್ಯಾಲೆ ಇಟ್ಟು ಪ್ರತಿ ಚಕ್ರದ ಕೆಳಗ ಕಾಗದ ಎಳದು ನೋಡ್ರಿ. ಒಂದರ ಕೆಳಗ ಸಲೀಸಾಗಿ ಬಂತಂದ್ರ ಚಾಸಿ ತಿರುಚೈತಿ, ಆ ಚಕ್ರಕ್ಕ ಭಾರ ಬೀಳವಲ್ದು. ಬ್ಯಾಟರಿ ಒಂದ ಮೂಲ್ಯಾಗ ಇಟ್ರೂ ಹಿಂಗ ಆಗ್ತೈತಿ.

ಲೂಪ್_ಟೈಮ್
ಗಾಡಿ ಸರಿ ಇದೆ ಅಂದ ಮೇಲೆ ಕೋಡ್ ವಿಷಯ. ಡ್ರೈವರ್ ಒರಟ ಅನ್ನೋ ದೂರು ಬಂದರೆ ಮೊದಲು ಸ್ಟಿಕ್‌ನ ಕರ್ವ್ ನೋಡಿ. ನೇರವಾಗಿ ಸ್ಟಿಕ್‌ನ ಮೌಲ್ಯವನ್ನೇ ಮೋಟಾರಿಗೆ ಕೊಟ್ಟರೆ ಸಣ್ಣ ಚಲನೆಯಲ್ಲಿ ಹಿಡಿತ ಇರಲ್ಲ. ಪೂರ್ತಿ ಘನ ಮಾಡಿದರೆ ಅರ್ಧ ಸ್ಟಿಕ್‌ಗೆ 0.125 ಮಾತ್ರ ಸಿಗುತ್ತೆ. ಅಷ್ಟು ಪವರ್‌ಗೆ ಭಾರದ ಗಾಡಿ ಕದಲದೇ ಇರಬಹುದು. ಎರಡನ್ನೂ ಬೆರೆಸಿ: 0.6 ಪಾಲು ಘನ, 0.4 ಪಾಲು ನೇರ. ಆಗ ಅರ್ಧ ಸ್ಟಿಕ್‌ಗೆ 0.275, ಪೂರ್ತಿಗೆ 1. 0.05ಕ್ಕಿಂತ ಕಡಿಮೆಯನ್ನ ಸೊನ್ನೆ ಅಂತ ತೆಗೆದುಕೊಳ್ಳಿ, ಹಳೇ ಗೇಮ್‌ಪ್ಯಾಡ್‌ಗಳು ಕೈಬಿಟ್ಟರೂ ಚೂರು ಎಳೆಯುತ್ತಲೇ ಇರುತ್ತವೆ. ಬಲ ಬಂಪರ್ ಹಿಡಿದಿದ್ದಾಗ ಎಲ್ಲವೂ 0.35 ಪಟ್ಟು ಆಗುವಂತೆ ನಿಧಾನದ ಮೋಡ್ ಇಡಿ. ಈ ಅಂಕಿಗಳನ್ನ ಕೋಡ್ ಬರೆದವರು ನಿರ್ಧರಿಸಬಾರದು, ಡ್ರೈವರ್ ಪಕ್ಕದಲ್ಲಿ ಕೂತು ಓಡಿಸಿ ಓಡಿಸಿ ಹೇಳಲಿ.

ಎರಡನೆಯದು ತಡ. ಹಬ್‌ಗೆ ಹೋಗಿಬರುವ ಒಂದೊಂದು ಕರೆಗೆ ಸುಮಾರು 2–3 ಮಿಲಿಸೆಕೆಂಡು, ಐ2ಸಿ ತಂತಿಯ ಸೆನ್ಸರ್ (ಬಣ್ಣದ ಸೆನ್ಸರ್ ಥರದ್ದು) ಓದಿದರೆ ಸುಮಾರು 7. ಎಂಟು ಎನ್‌ಕೋಡರ್ (ಮೋಟಾರ್ ಎಷ್ಟು ತಿರುಗಿತು ಅಂತ ಎಣಿಸೋ ಸೆನ್ಸರ್), ಎರಡು ಬಣ್ಣದ ಸೆನ್ಸರ್, ಐಎಂಯು ಎಲ್ಲವನ್ನೂ ಕೋಡ್‌ನ ಪ್ರತಿ ಸುತ್ತಿನಲ್ಲೂ, ಅಂದರೆ ಲೂಪ್‌ನಲ್ಲೂ, ಬಿಡಿಬಿಡಿಯಾಗಿ ಓದಿದರೆ ಒತ್ತಿದ್ದಕ್ಕೂ ಓಡಿದ್ದಕ್ಕೂ ನಡುವೆ ಅಂತರ ಕಾಣತೊಡಗುತ್ತೆ. ಗೇಮ್ ಆಡುವ ಮಕ್ಕಳು ಇದನ್ನ ತಕ್ಷಣ ಹಿಡೀತಾರೆ, ಲ್ಯಾಗ್ ಅಂದರೆ ಏನು ಅಂತ ಅವರ ಬೆರಳಿಗೇ ಗೊತ್ತು. ಅವರ ಮಾತು ನಂಬಿ. ಬಲ್ಕ್ ಕ್ಯಾಶಿಂಗ್ ಆಟೋ ಮೋಡ್‌ಗೆ ಹಾಕಿದರೆ ಒಂದು ಹಬ್‌ನ ಎನ್‌ಕೋಡರ್‌ಗಳೆಲ್ಲ ಒಂದೇ ಕರೆಯಲ್ಲಿ ಬರುತ್ತವೆ. ಬಣ್ಣದ ಸೆನ್ಸರನ್ನ ಬೇಕಾದಾಗ ಮಾತ್ರ ಓದಿ. ಲೂಪ್‌ಗೆ ಎಷ್ಟು ಮಿಲಿಸೆಕೆಂಡು ಅಂತ ಟೆಲಿಮೆಟ್ರಿಯಲ್ಲಿ, ಅಂದರೆ ಡ್ರೈವರ್ ಮುಂದಿನ ಪರದೆಯಲ್ಲಿ, ಸದಾ ತೋರಿಸುತ್ತಿರಲಿ.

ಇಬ್ಬರು ಡ್ರೈವರ್‌ಗಳ ನಡುವೆ ಕೆಲಸ ಹಂಚುವಾಗ ಒಂದು ನಿಯಮ ಸಾಕು: ಯಾವಾಗಲೂ ಒಂದರ ಹಿಂದೆ ಒಂದು ನಡೆಯುವ ಎರಡು ಕೆಲಸ ಒಂದೇ ಬಟನ್‌ಗೆ ಹೋಗಬೇಕು. ಉದಾಹರಣೆಗೆ ಚೆಂಡು ಹಿಡಿದು ಬುಟ್ಟಿಗೆ ಎಸೆಯೋ ಡಿಕೋಡ್ ಆಟದಲ್ಲಿ, ಮೂರನೇ ಚೆಂಡು ಒಳಗೆ ಬಂತು ಅಂತ ಸೆನ್ಸರ್ ಹೇಳಿದ ಕೂಡಲೇ ಚೆಂಡು ಒಳಗೆಳೆಯೋ ಇನ್‌ಟೇಕ್ ತಾನೇ ನಿಂತು, ಎಸೆಯೋ ಚಕ್ರವಾದ ಫ್ಲೈವೀಲ್ ತಾನೇ ಸುತ್ತಲಿ. ಮನುಷ್ಯರಿಗೆ ತೀರ್ಮಾನಗಳನ್ನ ಮಾತ್ರ ಬಿಡಿ.

ಇನ್ನೊಂದು ಸಣ್ಣ ವಿಷಯ, ಆದರೆ ಪಂದ್ಯ ಕಳೆಯೋದು ಇಂಥದ್ದರಲ್ಲೇ. ಲಾಜಿಟೆಕ್ ಎಫ್310 ಗೇಮ್‌ಪ್ಯಾಡ್‌ನ ತಳದಲ್ಲಿ ಒಂದು ಸ್ವಿಚ್ ಇದೆ, ಅದು ಎಕ್ಸ್ ಕಡೆಗೇ ಇರಬೇಕು. ಮುಂಭಾಗದ ಮೋಡ್ ಬಟನ್ ಕೈತಪ್ಪಿ ಒತ್ತಿ ಹಸಿರು ದೀಪ ಹತ್ತಿಕೊಂಡರೆ ಎಡ ಸ್ಟಿಕ್ಕೂ ಡಿ-ಪ್ಯಾಡೂ ಅದಲುಬದಲಾಗುತ್ತವೆ. ಗಾಡಿ ಸತ್ತುಹೋಯಿತು ಅಂತ ಎಲ್ಲರೂ ಗಾಬರಿಯಾಗ್ತಾರೆ, ಕೆಟ್ಟಿರೋದು ಏನೂ ಇಲ್ಲ. ಸ್ಟಾರ್ಟ್ ಜೊತೆ ಎ ಒತ್ತಿದವರು ಮೊದಲ ಡ್ರೈವರ್, ಸ್ಟಾರ್ಟ್ ಜೊತೆ ಬಿ ಒತ್ತಿದವರು ಎರಡನೆಯವರು. ಯುಎಸ್‌ಬಿ ಕೇಬಲ್ ಒಮ್ಮೆ ಕಿತ್ತು ಬಂದರೆ ಇದನ್ನ ಮತ್ತೆ ಒತ್ತಬೇಕಾಗಬಹುದು. ಕೇಬಲ್ ಕಿತ್ತು ಹಾಕಿ, ಸರಿಮಾಡೋದನ್ನೂ ಗಡಿಯಾರ ಹಿಡಿದು ಅಭ್ಯಾಸ ಮಾಡಿಸಿ.

ಜಯನಗರ_ಮೇಷ್ಟ್ರು
ಬಹಳ ಉಪಕಾರ. ಡಿಕೋಡ್ ಸೀಸನ್ನಿನ ಚೆಂಡು ಎಸೆಯೋ ವಿಷಯ ಬಂತಲ್ಲ, ಮಕ್ಕಳ ನಡುವೆ ಈಗಾಗಲೇ ಜಗಳ ಅದೇ. ಡ್ರೈವರ್ ಗುರಿ ತಪ್ಪಿಸಿದ ಅಂತ ಇವರು, ಶೂಟರ್ ಸರಿ ಇಲ್ಲ ಅಂತ ಅವನು. ಮತ್ತೆ ಕ್ಯಾಪ್ಟನ್ ಪ್ರಶ್ನೆ ಹಾಗೇ ಉಳಿದಿದೆ.

ಲೂಪ್_ಟೈಮ್
ಆ ಜಗಳ ಅಳೆದು ಬಗೆಹರಿಸಬಹುದು. 2025–26ರ ಡಿಕೋಡ್ ಆಟದಲ್ಲಿ ನೇರಳೆ, ಹಸಿರು ಬಣ್ಣದ 5 ಇಂಚಿನ ಚೆಂಡು, ಒಂದು ಸಲಕ್ಕೆ ಮೂರು ಮಾತ್ರ ಇಟ್ಟುಕೊಳ್ಳಬಹುದು. ಫ್ಲೈವೀಲ್‌ಗೆ ಬರೀ ಪವರ್ ಕೊಟ್ಟಿದ್ದರೆ 13.5 ವೋಲ್ಟಿನ ಹೊಸ ಚಾರ್ಜಿಗೂ 12 ವೋಲ್ಟಿಗೂ ವೇಗದಲ್ಲಿ ಶೇ 12ರಷ್ಟು ವ್ಯತ್ಯಾಸ ಬರುತ್ತೆ. ಬೆಳಿಗ್ಗೆ ಬುಟ್ಟಿಗೆ ಬಿದ್ದಿದ್ದು ಮಧ್ಯಾಹ್ನ ಅಂಚಿಗೆ ಬಡಿಯುತ್ತೆ. ಪವರ್ ಬಿಟ್ಟು ಎನ್‌ಕೋಡರ್ ವೇಗ ಹಿಡಿದು ನಿಲ್ಲಿಸಿ. ಗೇರ್ ಇಲ್ಲದ ಮೋಟಾರಿಗೆ ಒಂದು ಸುತ್ತಿಗೆ ಎನ್‌ಕೋಡರಿನ 28 ಟಿಕ್, ಅಂದರೆ ಎಣಿಕೆ; 3000 ಆರ್‌ಪಿಎಂ ಬೇಕಾದರೆ ಸೆಕೆಂಡಿಗೆ 1400 ಟಿಕ್. ವೇಗ ಹಿಡಿದಿಡೋ ಪಿಐಡಿಎಫ್ ಲೆಕ್ಕದಲ್ಲಿ ಮೊದಲು ಎಫ್ (ಗುರಿಗೆ ತಕ್ಕಂತೆ ಕೊಡೋ ಪವರ್) ಒಂದನ್ನೇ ಹೆಚ್ಚಿಸುತ್ತಾ ವೇಗ ಗುರಿಯ ಹತ್ತಿರ ತನ್ನಿ, ಆಮೇಲೆ ಪಿ (ಉಳಿದ ವ್ಯತ್ಯಾಸಕ್ಕೆ ತಿದ್ದುಪಡಿ) ಸೇರಿಸಿ. ಮೊದಲ ಚೆಂಡು ಹೋದ ಕೂಡಲೇ ಚಕ್ರದ ವೇಗ ಬೀಳುತ್ತೆ. ಮತ್ತೆ ಏರೋವರೆಗೆ ಎರಡನೇ ಚೆಂಡು ಬಿಡಬೇಡ ಅಂತ ಕೋಡ್‌ನಲ್ಲೇ ಕಟ್ಟಿಹಾಕಿ, ಉದಾಹರಣೆಗೆ 1370ರಿಂದ 1430 ಟಿಕ್‌ನ ಒಳಗಿದ್ದರೆ ಮಾತ್ರ ಚೆಂಡು ತಳ್ಳೋ ಫೀಡರ್ ತಿರುಗಲಿ.

ಪ್ರತಿ ಎಸೆತದ ವೇಗ, ವೋಲ್ಟೇಜ್ ಒಂದು ಫೈಲಿಗೆ ಬರೆಯಿರಿ. ವೇಗ ಸರಿ ಇದ್ದೂ ತಪ್ಪಿದರೆ ದಿಕ್ಕಿನ ದೋಷ, ವೇಗವೇ ಕಡಿಮೆಯಿದ್ದರೆ ಶೂಟರಿನ ದೋಷ. ಬ್ಯಾಟರಿಯ ತಪ್ಪಿಗೆ ಹದಿನಾಲ್ಕರ ಹುಡುಗನನ್ನ ಬೈಯೋದು ತಂಡ ಒಡೆಯೋ ಸುಲಭದ ದಾರಿ.

ಮೈಸೂರು_ಮಾಲಿನಿ
ಕ್ಯಾಪ್ಟನ್ ವಿಷಯಕ್ಕೆ ಬರ್ತೀನಿ. ನನ್ನ ಅಭಿಪ್ರಾಯ ಸ್ಪಷ್ಟ: 11 ಜನರ ತಂಡದಲ್ಲಿ ಕ್ಯಾಪ್ಟನ್ ಡ್ರೈವರ್ ಆಗಬಾರದು. ಎರಡು ಪಂದ್ಯಗಳ ನಡುವಿನ ಸಮಯದಲ್ಲಿ ಡ್ರೈವರ್ ನೀರು ಕುಡಿದು, ಕೂತು, ಮುಂದಿನ ಪಂದ್ಯದ ಜೊತೆಗಾರ ತಂಡದ ಜೊತೆ ಮಾತಾಡಬೇಕು. ಅದೇ ಹೊತ್ತಿಗೆ ಪಿಟ್‌ನಲ್ಲಿ, ಅಂದರೆ ಗಾಡಿ ರಿಪೇರಿ ಮಾಡೋ ಜಾಗದಲ್ಲಿ, ಸರ್ವೋ (ಕೋನಕ್ಕೆ ತಿರುಗಿ ನಿಲ್ಲೋ ಸಣ್ಣ ಮೋಟಾರ್) ಬದಲಿಸಬೇಕಾ ಬೇಡವಾ ಅನ್ನೋ ತೀರ್ಮಾನ ಯಾರಾದರೂ ತಗೋಬೇಕು. ಎರಡಕ್ಕೂ ಒಬ್ಬರೇ ಆದರೆ ಎರಡೂ ಕೆಡುತ್ತವೆ.

ಹೊಸ ತಂಡಗಳಲ್ಲಿ ಕ್ಯಾಪ್ಟನ್ ಅಂದರೆ ಎಲ್ಲಾ ಬಲ್ಲವನು ಅಂದುಕೊಳ್ತಾರೆ. ಅವನ ನಿಜವಾದ ಕೆಲಸ, ಯಾವ ತೀರ್ಮಾನ ಯಾರದು ಅನ್ನೋದನ್ನ ಮೊದಲೇ ಗೊತ್ತುಮಾಡಿ ಎಲ್ಲರ ಕಣ್ಣಿಗೆ ಬೀಳೋ ಹಾಗೆ ಇಡೋದು. ಒಂದು ದೊಡ್ಡ ಹಾಳೆ ಸಾಕು. ಎಡಗಡೆ ತೀರ್ಮಾನ, ಬಲಗಡೆ ಒಂದೇ ಒಂದು ಹೆಸರು. ಪಂದ್ಯದ ನಡುವೆ ತಂತ್ರ ಬದಲಿಸೋದು ಡ್ರೈವ್ ಕೋಚ್. ಕೋಡ್‌ನ ಯಾವ ಆವೃತ್ತಿ ಗಾಡಿಯಲ್ಲಿ ಇರಬೇಕು ಅನ್ನೋದು ಪ್ರೋಗ್ರಾಮಿಂಗ್ ಮುಖ್ಯಸ್ಥೆ. ಗಾಡಿ ಅಂಗಳಕ್ಕೆ ಹೋಗಲು ಸಿದ್ಧವಾ ಇಲ್ಲವಾ ಅನ್ನೋದು ಪಿಟ್ ಮುಖ್ಯಸ್ಥ, ಅವನು ಬೇಡ ಅಂದರೆ ಕ್ಯಾಪ್ಟನ್ನೂ ಒಪ್ಪಬೇಕು. ಮೆಂಟರ್‌ಗಳ ಹೆಸರು ಬರಬೇಕಾದ್ದು ಸುರಕ್ಷತೆ ಮತ್ತು ಹಣದ ಸಾಲುಗಳಲ್ಲಿ ಮಾತ್ರ.

ಪ್ರತಿ ಭಾಗಕ್ಕೂ ಒಬ್ಬ ಹೊಣೆಗಾರ, ಜೊತೆಗೆ ಅದನ್ನ ಬಿಚ್ಚಿ ಜೋಡಿಸಬಲ್ಲ ಎರಡನೆಯವರು. ಆ ಎರಡನೆಯವರು ತಿಂಗಳಿಗೊಮ್ಮೆ ಒಬ್ಬರೇ ಆ ಭಾಗವನ್ನ ಬಿಚ್ಚಿ ಕಟ್ಟಲಿ, ಮೊದಲನೆಯವರು ಕೈಕಟ್ಟಿ ನಿಂತು ನೋಡಲಿ. ಚುರುಕಾದ ಮಕ್ಕಳಿಗೆ ಇದರಷ್ಟು ಕಷ್ಟದ್ದು ಇನ್ನೊಂದಿಲ್ಲ, ಸ್ಕ್ರೂಡ್ರೈವರ್ ಕಿತ್ತುಕೊಳ್ಳೋಕೆ ಕೈ ತುಡಿಯುತ್ತೆ. ತಾನು ಮಾಡಿದರೆ 5 ನಿಮಿಷ, ಅವಳು ಮಾಡಿದರೆ 25. ಆ 25 ನಿಮಿಷ ಸುಮ್ಮನಿರಲು ಕಲಿತ ದಿನ ಆ ಹುಡುಗ ಕ್ಯಾಪ್ಟನ್ ಆಗಲು ತಯಾರು.

ಸ್ಪರ್ಧೆಗೆ 48 ಗಂಟೆ ಮೊದಲು ಕೋಡ್ ಮತ್ತು ಯಂತ್ರ ಎರಡಕ್ಕೂ ಬೀಗ. ಆಮೇಲೆ ರಿಪೇರಿ ಮಾತ್ರ, ಹೊಸದೇನೂ ಇಲ್ಲ. ಪಿಟ್ ಪೆಟ್ಟಿಗೆಯಲ್ಲಿ ಕನಿಷ್ಠ ಇಷ್ಟಿರಲಿ: 4 ಬ್ಯಾಟರಿ, 20 ಆಂಪಿಯರಿನ 6 ಫ್ಯೂಸ್, ಗಾಡಿಯಲ್ಲಿರುವ ಪ್ರತಿ ನಮೂನೆಯ ಸರ್ವೋ ಎರಡೆರಡು, ಒಂದು ಡ್ರೈವ್ ಮೋಟಾರ್, ಎನ್‌ಕೋಡರ್ ಕೇಬಲ್ 4, ಎರಡು ಹಬ್‌ಗಳ ನಡುವಿನ ಆರ್‌ಎಸ್-485 ಕೇಬಲ್ 2, ಎಕ್ಸ್‌ಟಿ30 ಕೇಬಲ್ 2, ಎಂ4 ಸ್ಕ್ರೂ 8, 10, 12, 16 ಮಿಮೀ ತಲಾ 30, ನೀಲಿ ಲಾಕ್‌ಟೈಟ್, ಝಿಪ್ ಟೈ, ಮಲ್ಟಿಮೀಟರ್. ಆರ್‌ಎಸ್-485 ಕೇಬಲ್ ಸಡಿಲವಾದರೆ ಎರಡನೆಯ ಹಬ್ ಆದ ಎಕ್ಸ್‌ಪಾನ್ಷನ್ ಹಬ್‌ನಲ್ಲಿರೋ ಎಲ್ಲವೂ ಒಟ್ಟಿಗೆ ಸಾಯುತ್ತವೆ. ಅದನ್ನ ಹಬ್‌ನ ಹತ್ತಿರವೇ ಕಟ್ಟಿ ಹಾಕಿ, ಎಳೆತ ಕನೆಕ್ಟರಿನ ಮೇಲೆ ಬೀಳದ ಹಾಗೆ.

ಶಿರಸಿ_ಸಣ್ಣತಂಡ
ಮಾಲಿನಿ ಅಕ್ಕ ಹೇಳಿದ್ದು ದೊಡ್ಡ ತಂಡಕ್ಕೆ ಸರಿ. ಐದು ಜನರ ತಂಡದಲ್ಲಿ ಕ್ಯಾಪ್ಟನ್ ಓಡಿಸದೇ ಬೇರೆ ದಾರಿ ಇಲ್ಲ. ಆಗ ಒಂದು ಕಟ್ಟುಪಾಡು ಬೇಕು: ಅಂಗಳಕ್ಕೆ ಕಾಲಿಟ್ಟ ಕ್ಷಣದಿಂದ ಅವನು ಕ್ಯಾಪ್ಟನ್ ಅಲ್ಲ, ಡ್ರೈವ್ ಕೋಚ್ ಹೇಳಿದಂತೆ ಕೇಳೋ ಡ್ರೈವರ್. ಕೋಚ್ 8ನೇ ಕ್ಲಾಸಿನ ಹುಡುಗಿ ಆದರೂ ಅಷ್ಟೇ. ಇದನ್ನ ಅಭ್ಯಾಸದಲ್ಲೇ ರೂಢಿ ಮಾಡದಿದ್ದರೆ ಪಂದ್ಯದಲ್ಲಿ ಇಬ್ಬರೂ ಒಟ್ಟಿಗೆ ಕೂಗ್ತಾರೆ. ಪಂದ್ಯ ಮುಗಿದ ಮೇಲೆ ಆ ಹುಡುಗಿಯ ತೀರ್ಮಾನವನ್ನ ಕ್ಯಾಪ್ಟನ್ ಎಲ್ಲರ ಎದುರು ಸಮರ್ಥಿಸಬೇಕು, ತಕರಾರು ಇದ್ದರೆ ವಿಡಿಯೊ ನೋಡುವಾಗ ಹೇಳಲಿ.

ಮೈಸೂರು_ಮಾಲಿನಿ
ಒಪ್ಪಿದೆ. ಆ ಹಾಳೆಯಲ್ಲಿ ಹೆಸರು ಇದ್ದರೆ ವಯಸ್ಸು ಅಡ್ಡ ಬರೋದಿಲ್ಲ. ಐದು ಜನರಿದ್ದಾಗ ಹಾಳೆ ಇನ್ನೂ ಮುಖ್ಯ.

ವ್ಯಾಲೊರೆಂಟ್_ವಾಸು
ಗೇಮಿಂಗ್ ಕಡೆಯಿಂದ ಎರಡು ವಿಷಯ ನೇರವಾಗಿ ತರಬಹುದು, ವಿಡಿಯೊ ವಿಮರ್ಶೆ ಮತ್ತು ಮಾತಿನ ಶಿಸ್ತು.

ಒಳ್ಳೆಯ ತಂಡಗಳು ಆಡಿದ ಆಟವನ್ನ ಮತ್ತೆ ನೋಡ್ತಾವೆ, ಅದೂ ಒಂದೇ ಪ್ರಶ್ನೆ ಇಟ್ಟುಕೊಂಡು. ರೋಬೋ ಪಂದ್ಯದ ಎರಡೂವರೆ ನಿಮಿಷದ ವಿಡಿಯೊಗೆ ಅರ್ಧ ಗಂಟೆ ಕೊಡಿ. ಹಾಳೆಯಲ್ಲಿ ಪ್ರತಿ ಸೈಕಲ್ (ಚೆಂಡು ಹಿಡಿದು ಎಸೆಯೋ ಒಂದು ಸುತ್ತು) ಒಂದು ಸಾಲು: ಚೆಂಡು ಹಿಡಿಯಲು ಹೊರಟ ಸಮಯ, ಮೂರೂ ತುಂಬಿದ ಸಮಯ, ಎಸೆಯೋ ಜಾಗ ತಲುಪಿದ ಸಮಯ, ಕೊನೆಯ ಚೆಂಡು ಬಿಟ್ಟ ಸಮಯ. ಈ ನಾಲ್ಕು ಅಂಕಿಯಿಂದ ಮೂರು ಅಂತರ ಸಿಗುತ್ತೆ. ಹಿಡಿಯೋಕೆ 6, ಹೋಗೋಕೆ 3, ಎಸೆಯೋಕೆ 7 ಸೆಕೆಂಡು ಅಂದರೆ ಡ್ರೈವರಿಗೆ ಇನ್ನೂ ಜೋರಾಗಿ ಓಡಿಸು ಅನ್ನೋದರಲ್ಲಿ ಅರ್ಥವಿಲ್ಲ, 7ನ್ನ 4ಕ್ಕೆ ಇಳಿಸಬೇಕಾದವರು ಶೂಟರ್ ಮತ್ತು ಕೋಡ್‌ನವರು. ಪ್ರತಿ ವಿಮರ್ಶೆಯಿಂದ ಮುಂದಿನ ಅಭ್ಯಾಸಕ್ಕೆ ಒಂದೇ ಒಂದು ಬದಲಾವಣೆ ತಗೊಳ್ಳಿ. ಐದು ಹೇಳಿದರೆ ಒಂದೂ ಉಳಿಯಲ್ಲ. ಮೊದಲು ಮಾತಾಡಬೇಕಾದವರು ಡ್ರೈವರ್, ಆಮೇಲೆ ಕೋಚ್, ಕೊನೆಗೆ ಉಳಿದವರು. ಮೊದಲೇ ಹತ್ತು ಜನ ತಪ್ಪು ತೋರಿಸಿದರೆ ಮಕ್ಕಳು ಬಾಯಿ ಮುಚ್ಚಿಕೊಳ್ತಾರೆ.

ಮಾತು. ಪಂದ್ಯದಲ್ಲಿ ಎಂಟು ಪದಕ್ಕಿಂತ ಹೆಚ್ಚು ಬೇಡ, ಅವನ್ನ ಮೊದಲೇ ಗೊತ್ತುಮಾಡಿ: ಹಿಡಿ, ಎಸಿ, ಬಿಡು, ಗೇಟು, ಹತ್ತಿರ, ದೂರ, ಮನೆ, ನಿಲ್ಲು. ಎಡ-ಬಲ ಅನ್ನಬೇಡಿ, ಯಾರ ಎಡ ಅಂತ ಗೊಂದಲ. ಕೆಂಪು ಕಡೆ, ನೀಲಿ ಕಡೆ ಅನ್ನಿ. ಕೋಚ್ ಹೇಳಿದ್ದಕ್ಕೆ ಡ್ರೈವರ್ ಹೂಂ ಅಂತ ಒಂದೇ ಉತ್ತರ ಕೊಡಬೇಕು. ಉತ್ತರ ಬರದಿದ್ದರೆ ಕೇಳಿಸಿಲ್ಲ ಅಂತಲೇ ಲೆಕ್ಕ. ಸಮಯ ಕೂಗೋದು 60, 30, 15ರಲ್ಲಿ ಮಾತ್ರ. ಲೂಪ್_ಟೈಮ್ ಅವರೇ, ಎಫ್‌ಟಿಸಿಯ ಕೋಡ್ ಕಿಟ್ ಆದ ಎಸ್‌ಡಿಕೆಯಲ್ಲಿ ಗೇಮ್‌ಪ್ಯಾಡ್ ನಡುಗಿಸೋ ಸೌಲಭ್ಯ ಇದೆಯಲ್ಲ, ಎಫ್310 ನಡುಗಲ್ಲ, ಆದರೆ ನಡುಗೋ ಗೇಮ್‌ಪ್ಯಾಡ್ ಇದ್ದರೆ 30 ಸೆಕೆಂಡು ಉಳಿದಾಗ ಅದನ್ನೂ ಬಳಸಿದರೆ ಕೋಚ್ ಗಂಟಲು ಉಳಿಯುತ್ತೆ.

ಇನ್ನು ಟಿಲ್ಟ್. ಒಂದು ತಪ್ಪಾದ ಮೇಲೆ ಸಿಟ್ಟಿಗೆದ್ದು ಇನ್ನಷ್ಟು ತಪ್ಪು ಮಾಡೋದು ಗೇಮರ್‌ಗಳಿಗೆ ಚೆನ್ನಾಗಿ ಗೊತ್ತಿರೋ ಕಾಯಿಲೆ. ವ್ಯಾಲೊರೆಂಟ್‌ನಲ್ಲಿ ಸುತ್ತುಗಳ ನಡುವೆ ಖರೀದಿಯ ಹೊತ್ತಲ್ಲಿ ಉಸಿರು ಬಿಡೋಕೆ ಸಮಯ ಸಿಗುತ್ತೆ. ರೋಬೋ ಪಂದ್ಯದ 2 ನಿಮಿಷದಲ್ಲಿ ಸಿಗಲ್ಲ. ಅದಕ್ಕೇ ಒಂದು ಮರುಹೊಂದಿಸೋ ಕ್ರಮ ಇರಲಿ: ಚೆಂಡು ಉದುರಿತೋ, ಸಿಕ್ಕಿಕೊಂಡಿತೋ, ಡ್ರೈವರ್ ಸ್ಟಿಕ್‌ನಿಂದ ಹೆಬ್ಬೆರಳು ಎತ್ತಿ, ಕೋಚ್‌ನ ಮುಂದಿನ ಪದಕ್ಕೆ ಕಾದು, ಮತ್ತೆ ಹಿಡಿಯೋದು. ಒಂದು ಸೆಕೆಂಡು ಹೋಗುತ್ತೆ. ಅಭ್ಯಾಸದಲ್ಲಿ ಬೇಕೆಂದೇ ಕೆಡಿಸಿ ಇದನ್ನ ಮಾಡಿಸಿ: ಓಡುತ್ತಿರುವಾಗ ಒಂದು ಚೆಂಡು ತೆಗೆದುಬಿಡಿ, ಎರಡನೇ ಡ್ರೈವರಿನ ಗೇಮ್‌ಪ್ಯಾಡ್ ಕಿತ್ತುಬಿಡಿ.

ಬಸವನಗುಡಿ_ಅಮ್ಮ
ಇಲ್ಲಿ ಬರೆದಿದ್ದೆಲ್ಲ ಓದಿದೆ. ಪೋಷಕರ ಕಡೆಯಿಂದ ಒಂದು ಕೇಳಬೇಕು. ಮಗ ಗೇಮ್ ಆಡೋದು ಕಲಿಕೆಗೆ ಸಹಾಯ ಅಂತ ಒಪ್ಪಿಕೊಂಡರೆ ದಿನವೆಲ್ಲ ಆಡ್ತಾನೆ. ದುಡ್ಡು ಕಟ್ಟಿ ಆಡೋ ಆ್ಯಪ್‌ಗಳ ಭಯ ಬೇರೆ. ಗಡಿ ಎಲ್ಲಿ ಎಳೀಬೇಕು?

ವ್ಯಾಲೊರೆಂಟ್_ವಾಸು
ಅಮ್ಮಾ, ಎರಡನ್ನೂ ಬೇರೆ ಬೇರೆ ಇಡಿ. ಪಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಕಾಯ್ದೆ ನಿಷೇಧಿಸುತ್ತೆ. ಅದೇ ಕಾಯ್ದೆ ಈಸ್ಪೋರ್ಟ್ಸ್ (ಸ್ಪರ್ಧೆಯಾಗಿ ಆಡೋ ವಿಡಿಯೊ ಗೇಮ್) ಅನ್ನ ಬೇರೆಯಾಗಿ ಗುರುತಿಸುತ್ತೆ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ಈಸ್ಪೋರ್ಟ್ಸ್‌ಗೆ ಪದಕವೇ ಇತ್ತು. ಹಾಗಂತ ದಿನಕ್ಕೆ ಆರು ಗಂಟೆ ಆಡೋದು ಅಭ್ಯಾಸ ಅಲ್ಲ.

ಮಗನಿಗೆ ಒಂದೇ ಪ್ರಶ್ನೆ ಕೇಳಿ: ಇವತ್ತು ಏನನ್ನ ಸುಧಾರಿಸಬೇಕು ಅಂತ ಕೂತೆ, ಅದು ಆಯ್ತಾ? ಉತ್ತರ ಇದ್ದರೆ ಒಂದೂವರೆ ಗಂಟೆ ಸಾಕು, ಅದರಲ್ಲಿ ಅರ್ಧ ಗಂಟೆ ಆಡಿದ್ದನ್ನ ನೋಡಲಿ. ಉತ್ತರ ಇಲ್ಲದಿದ್ದರೆ ಅದು ಮನರಂಜನೆ. ಅದೂ ಇರಲಿ, ಬೇರೆ ಲೆಕ್ಕದಲ್ಲಿ. ನಿದ್ದೆ ಮಾತ್ರ ಬಿಡಿಸಬೇಡಿ. ಕೈ-ಕಣ್ಣಿನ ಕೆಲಸ ಮೊದಲು ಹಾಳಾಗೋದೇ ನಿದ್ದೆಗೆಟ್ಟಾಗ.

ಟೆಕ್ಸಾಸ್_ಕನ್ನಡತಿ
ತಡವಾಗಿ ಬಂದೆ. ಅಂಗಳದ ಹೊರಗಿನ ಏಳು ಜನರ ಬಗ್ಗೆ ಇನ್ನಷ್ಟು ಹೇಳಬೇಕು, ಏಕೆಂದರೆ ದೊಡ್ಡ ಬಹುಮಾನಗಳು ಅವರ ಕೈಲಿವೆ. ಎಫ್‌ಟಿಸಿಯ ಅತ್ಯುನ್ನತ ಪ್ರಶಸ್ತಿ ಇನ್‌ಸ್ಪೈರ್, ಅದು ಪಂದ್ಯ ಗೆದ್ದವರಿಗೆ ಕೊಡುವಂಥದ್ದಲ್ಲ. ಮುಖಪುಟ ಬಿಟ್ಟು 15 ಪುಟದ ಎಂಜಿನಿಯರಿಂಗ್ ಪೋರ್ಟ್‌ಫೋಲಿಯೊ, ಜೊತೆಗೆ ತೀರ್ಪುಗಾರರ ಮುಂದೆ ಸುಮಾರು ಹತ್ತು ನಿಮಿಷ: ಮೊದಲರ್ಧ ಮಕ್ಕಳು ಹೇಳೋದು, ಉಳಿದರ್ಧ ಪ್ರಶ್ನೋತ್ತರ. ಮೆಂಟರ್‌ಗಳು ಉತ್ತರ ಕೊಡುವಂತಿಲ್ಲ.

ಕ್ಯಾಪ್ಟನ್ ಒಬ್ಬನೇ ಮಾತಾಡಿ ಉಳಿದವರು ತಲೆಯಾಡಿಸಿದರೆ ತೀರ್ಪುಗಾರರಿಗೆ ತಕ್ಷಣ ಗೊತ್ತಾಗುತ್ತೆ. ಅವರು ಮೂಲೆಯಲ್ಲಿ ನಿಂತ ಮಗುವನ್ನೇ ಕೇಳ್ತಾರೆ. ಆದ್ದರಿಂದ ಪ್ರತಿಯೊಬ್ಬರೂ ಒಂದು ವಿಷಯ ಪೂರ್ತಿ ತಿಳಿದಿರಲಿ, ಮೂರು ವಾಕ್ಯದಲ್ಲಿ: ಏನು ತೊಂದರೆ ಇತ್ತು, ಏನೇನು ಪ್ರಯತ್ನಿಸಿ ಅಳೆದೆವು, ಯಾವುದನ್ನ ಏಕೆ ಆರಿಸಿದೆವು. ಇನ್‌ಟೇಕ್ ಬದಲಿಸಿದ್ವಿ, ಚೆನ್ನಾಯ್ತು ಅನ್ನೋ ಉತ್ತರ ಬೇಡ. ಗಟ್ಟಿ ರಬ್ಬರ್ ಚಕ್ರದಲ್ಲಿ 20ಕ್ಕೆ 13 ಚೆಂಡು ಒಳಬಂದವು, ಮೆತ್ತನೆಯ ಚಕ್ರ ಹಾಕಿ ಚೆಂಡಿನ ಮೇಲಿನ ಒತ್ತು 5 ಮಿಮೀ ಹೆಚ್ಚಿಸಿದಾಗ 18 ಬಂದವು ಅಂತ ಹೇಳಲಿ. ಇದಕ್ಕೆ ದಿನಾ ಬರೆದ ನೋಟ್‌ಬುಕ್ ಬೇಕು. ಕೊನೆಯ ವಾರ ಕೂತು ನೆನಪಿಂದ ಬರೆದ ಪೋರ್ಟ್‌ಫೋಲಿಯೊ ಎರಡನೇ ಪ್ರಶ್ನೆಗೇ ಕುಸಿಯುತ್ತೆ.

ಸ್ಕೌಟಿಂಗ್ ಮರೆಯಬೇಡಿ. ಇಬ್ಬರು ಮಕ್ಕಳು ಪ್ರತಿ ಪಂದ್ಯ ನೋಡಿ ಪ್ರತಿ ತಂಡಕ್ಕೂ ಒಂದು ಸಾಲು ತುಂಬಲಿ: ಸ್ವಯಂಚಾಲಿತ ಭಾಗದಲ್ಲಿ ಎಷ್ಟು ಚೆಂಡು ಬಿತ್ತು, ಹತ್ತಿರದಿಂದ ಎಸೀತಾರಾ ದೂರದಿಂದಲಾ, ಗೇಟು ತೆರೆಯಬಲ್ಲರಾ, ನಡುವೆ ಸಂಪರ್ಕ ಕಡಿದು ನಿಂತರಾ. ಡಿಕೋಡ್‌ನಲ್ಲಿ ಬುಟ್ಟಿಗೆ ಬಿದ್ದ ಚೆಂಡು ಬಂದು ನಿಲ್ಲೋ ರ‍್ಯಾಂಪ್‌ಗೆ ಹಿಡಿಸೋದು 9 ಚೆಂಡು, ಗೇಟು ತೆರೆದು ಖಾಲಿ ಮಾಡದಿದ್ದರೆ ಮುಂದೆ ಬಂದದ್ದು ಉಕ್ಕಿ ಹೋಗಿ ಕಡಿಮೆ ಅಂಕ. ಹಾಗಾಗಿ ನೀವು ಚೆನ್ನಾಗಿ ಎಸೆಯೋ ತಂಡವಾದರೆ, ಜೊತೆಗೆ ಸರಿಯಾದ ಹೊತ್ತಿಗೆ ಗೇಟು ನೋಡಿಕೊಳ್ಳೋ, ನಡುವೆ ಕೈಕೊಡದ ತಂಡ ಬೇಕು. ಅಲಯನ್ಸ್ ಆಯ್ಕೆಯ (ಕೊನೆಯ ಸುತ್ತುಗಳಿಗೆ ಮೇಲಿನ ತಂಡಗಳು ಜೊತೆಗಾರರನ್ನ ಆರಿಸೋದು) ಹೊತ್ತಿಗೆ ಅಂಗಳದ ಮಧ್ಯೆ ನಿಲ್ಲೋ ವಿದ್ಯಾರ್ಥಿ ಪ್ರತಿನಿಧಿ ಕೈಲಿ ಆದ್ಯತೆಯ ಪಟ್ಟಿ ಇರಬೇಕು. ಯಾರಾದರೂ ಕರೆದಾಗ ಬೇಡ ಅಂದರೆ ಮತ್ತೆ ಬೇರೆಯವರು ಕರೆಯುವಂತಿಲ್ಲ. ಸ್ವತಃ ಅಲಯನ್ಸ್ ಕ್ಯಾಪ್ಟನ್ ಆಗುವ ಸ್ಥಾನದಲ್ಲಿದ್ದರೆ ಮಾತ್ರ ಆಟ ಉಳಿಯುತ್ತೆ. ಈ ನಿಯಮ ತಿಳಿಯದೆ ಬೇಡ ಅಂದು ಮನೆಗೆ ಹೋಗೋದು ತೀರಾ ಸಂಕಟ.

ಇವತ್ತಿನ ಎದುರಾಳಿ ಮುಂದಿನ ಪಂದ್ಯದಲ್ಲಿ ನಿಮ್ಮ ಜೊತೆಗಾರ ಆಗಬಹುದು. ಅರ್ಹತಾ ಸುತ್ತಿನ ಜೋಡಿಗಳನ್ನ ಕಂಪ್ಯೂಟರ್ ಕಟ್ಟುತ್ತೆ. ಎಂಐಟಿಯ ವುಡಿ ಫ್ಲವರ್ಸ್ ಹರಡಿದ ಗ್ರೇಷಿಯಸ್ ಪ್ರೊಫೆಷನಲಿಸಂ ಅನ್ನೋ ನಡವಳಿಕೆ ಈ ಸ್ಪರ್ಧೆಯ ಬೆನ್ನೆಲುಬು: ಎದುರು ತಂಡದ ಮೋಟಾರ್ ಸುಟ್ಟರೆ ನಿಮ್ಮ ಪೆಟ್ಟಿಗೆಯಿಂದ ಕೊಡಿ, ಅಂಗಳದಲ್ಲಿ ಪೂರ್ತಿ ಬಲ ಹಾಕಿ ಆಡಿ. ಇದನ್ನ ಮಕ್ಕಳು ಬಾಯಿಪಾಠ ಹೇಳೋದು ಬೇಡ. ಬಿಡಿಭಾಗ ಕೊಡಬಹುದಾ ಅಂತ ಕೇಳದೇ ಕೊಡೋ ಅಧಿಕಾರ ಪಿಟ್‌ನವರಿಗೆ ಮೊದಲೇ ಕೊಟ್ಟಿಡಿ, ಮಾಲಿನಿಯವರ ಹಾಳೆಯಲ್ಲಿ ಅದಕ್ಕೂ ಒಂದು ಸಾಲು.

ಗೇರ್‌ಬಾಕ್ಸ್_ಗಿರಿ
ಖರೀದಿ ಬಗ್ಗೆ ಚುಟುಕಾಗಿ. ಹೊರದೇಶದಿಂದ ಬರೋ ಮೋಟಾರ್, ಹಬ್, ಮೆಕಾನಮ್ ಚಕ್ರಗಳನ್ನ ಆ ಸೀಸನ್ನಿನ ಆಟ ಪ್ರಕಟಿಸೋ ಸೆಪ್ಟೆಂಬರ್ ಕಿಕ್‌ಆಫ್‌ಗೂ ಮೊದಲೇ ತರಿಸಿ. ಆಟ ಯಾವುದಾದರೂ ಇವು ಬೇಕೇ ಬೇಕು. ತಂತಿ, ಹೀಟ್‌ಶ್ರಿಂಕ್, ಮಲ್ಟಿಮೀಟರ್ ಎಲ್ಲ ಎಸ್‌ಪಿ ರೋಡಿನಲ್ಲಿ ಸಿಗುತ್ತೆ. 3 ಮಿಮೀ ಅಲ್ಯೂಮಿನಿಯಂ ತಟ್ಟೆ ಕತ್ತರಿಸಲು ಪೀಣ್ಯದಲ್ಲಿ ಲೇಸರ್‌ನವರು ಇದ್ದಾರೆ, ಡಿಎಕ್ಸ್‌ಎಫ್ ಫೈಲ್ ಒಯ್ದರೆ ಸಾಕು. 3ಡಿ ಪ್ರಿಂಟ್ ಭಾಗಗಳನ್ನ ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ, ಪಿಎಲ್‌ಎ ಪ್ಲಾಸ್ಟಿಕ್ ಬಾಗುತ್ತೆ. ಅಭ್ಯಾಸಕ್ಕೆ 60 ಸೆಂಮೀ ಚೌಕದ ಜೋಡಿಸೋ ಫೋಮ್ ಚಾಪೆ 36 ಬೇಕು. ಮಕ್ಕಳ ಆಟದ ಮೆತ್ತನೆಯ ಚಾಪೆ ಹಾಕಿದರೆ ರೋಲರ್ ಹೂತು ಗಾಡಿ ಅಡ್ಡ ಹೋಗೋದು ನಿಧಾನವಾಗುತ್ತೆ. ಸ್ವಯಂಚಾಲಿತ ಭಾಗದ ದೂರಗಳು ಸ್ಪರ್ಧೆಯ ಅಂಗಳದಲ್ಲಿ ತಪ್ಪುತ್ತವೆ. ಸ್ವಲ್ಪ ಗಟ್ಟಿಯಾದದ್ದನ್ನೇ ಕೊಳ್ಳಿ.

ಜಯನಗರ_ಮೇಷ್ಟ್ರು
ಎಲ್ಲರಿಗೂ ಕೃತಜ್ಞತೆಗಳು. ಹೀಗೆ ಮಾಡಬೇಕೆಂದಿದ್ದೇವೆ, ಸರಿಯಾ ನೋಡಿ. ವಾರಕ್ಕೆ ಮೂರು ದಿನ, ಎರಡೆರಡು ಗಂಟೆ. ಮೊದಲ 20 ನಿಮಿಷ ಗಾಡಿ ತಪಾಸಣೆ. ಆಮೇಲೆ ಮೂರು ಜೋಡಿ ಡ್ರೈವರ್‌ಗಳಿಗೆ ತಲಾ 20 ನಿಮಿಷ. ಪಂದ್ಯಕ್ಕೆ ಎರಡೂವರೆ, ಮರುಜೋಡಣೆಗೆ ಎರಡೂವರೆ, ಅಂದರೆ ಜೋಡಿಗೆ ನಾಲ್ಕು ಪೂರ್ತಿ ಪಂದ್ಯ. ಒಂದು ಜೋಡಿ ಆಡುವಾಗ ಇನ್ನೊಂದು ಸೈಕಲ್ ಸಮಯ ಬರೆಯುತ್ತೆ, ಮೂರನೆಯದು ಚೆಂಡು ಜೋಡಿಸುತ್ತೆ. ಕೊನೆಯ 40 ನಿಮಿಷ ವಿಡಿಯೊ ಮತ್ತು ನೋಟ್‌ಬುಕ್. ಸ್ಪರ್ಧೆಗೆ ನಾಲ್ಕು ವಾರ ಇರುವಾಗ ಗಿರಿಯವರ ಪರೀಕ್ಷೆ ಇಟ್ಟು ಒಂದು ಜೋಡಿ ಖಾಯಂ, ಇನ್ನೊಂದು ಬದಲಿ. ಕ್ಯಾಪ್ಟನ್ ಓಡಿಸೋದಿಲ್ಲ.

ಹುಬ್ಬಳ್ಳಿ_ಮೋಟಾರು
ಚಲೋ ಐತ್ರಿ. ಒಂದ ಬದಲಿಸ್ರಿ. ಮೂರೂ ಜೋಡಿಗೆ ಸರದಿ ಒಂದ ಇಟ್ರ ಕೊನೀ ಜೋಡಿಗೆ ಯಾವಾಗ್ಲೂ ಇಳಿದ ಬ್ಯಾಟರಿ ಸಿಗ್ತೈತಿ, ಅವರ ಅಂಕಿ ಕಡಿಮಿ ಬರ್ತೈತಿ, ನೀವು ಅವರನ್ನ ಕೈಬಿಡ್ತೀರಿ. ಜೋಡಿ ಬದಲಾದಾಗೆಲ್ಲ ಬ್ಯಾಟರಿ ಬದಲಿಸ್ರಿ. 3000 ಎಂಎಎಚ್ ಬ್ಯಾಟರಿ 1.8 ಆಂಪಿಯರಿನ್ಯಾಗ ತುಂಬೂಕ ಹತ್ತತ್ರ ಎರಡು ತಾಸು ಬೇಕು, ಹಿಂಗಾಗಿ ಅಭ್ಯಾಸಕ್ಕ ಬರೂಕಿಂತ ಮೊದಲ ಮೂರೂ ತುಂಬಿರಬೇಕು. ಪ್ರತಿ ಬ್ಯಾಟರಿಗೆ ನಂಬರ್ ಬರೀರಿ, ಹಾಕೂಮುಂದ, ತಗಿಯೂಮುಂದ ವೋಲ್ಟೇಜ್ ಬರೀರಿ. ತುಂಬಿಸಿದ ಮ್ಯಾಲೂ 12.5ಕ್ಕಿಂತ ಕೆಳಗ ತೋರಿಸೂ ಬ್ಯಾಟರಿ, ಇಲ್ಲಾ ಬ್ಯಾರೇವ್ಕಿಂತ ಜಲ್ದಿ ಇಳಿಯೂ ಬ್ಯಾಟರಿ ಪಿಟ್ ಪೆಟ್ಟಿಗಿಗೆ ಹಾಕಬ್ಯಾಡ್ರಿ, ಕೆಂಪು ಟೇಪ್ ಸುತ್ತಿ ಕೋಡ್ ಪರೀಕ್ಷೆಗೆ ಇಟ್ಕೋರಿ.

ಜಯನಗರ_ಮೇಷ್ಟ್ರು
ಆಯ್ತು, ಜೋಡಿಗಳ ಸರದಿಯನ್ನೂ ಪ್ರತಿ ದಿನ ತಿರುಗಿಸುತ್ತೇವೆ. ಬ್ಯಾಟರಿ ಲೆಕ್ಕದ ಹೊಣೆಗೆ ಹಾಳೆಯಲ್ಲಿ 8ನೇ ತರಗತಿಯ ಒಬ್ಬಳ ಹೆಸರು ಬರೆದಾಯ್ತು. ಅವಳು ಬೇಡ ಅಂದ ಬ್ಯಾಟರಿ ಗಾಡಿಗೆ ಏರೋದಿಲ್ಲ.